62 ಮಿಲಿಸೆಕೆಂಡ್‌ನಲ್ಲಿ ಲೋ ಎಂಡ್: ಬ್ರೂಟಲ್ ಡೆತ್ ಮೆಟಲ್ ಆಲ್ಬಂ ರೆಕಾರ್ಡ್ ಮಾಡಿದ ಅನುಭವ

ಬ್ರೂಟಲ್ ಡೆತ್ ಮೆಟಲ್ ಅಂದರೆ ಮೆಟಲ್ ಸಂಗೀತದ ಅತಿ ವೇಗದ, ಅತಿ ಒರಟು ಶೈಲಿಗಳಲ್ಲೊಂದು. ಕೇಳುವವರಿಗೆ ಮೊದಲು ಬೇಕಾಗಿದ್ದು ಹೆವಿ ಸೌಂಡ್, ಅದರಲ್ಲೂ ಲೋ ಎಂಡ್, ಅಂದರೆ ತಗ್ಗಿನ ಸ್ವರಗಳ ಗುದ್ದು. ರೆಕಾರ್ಡ್ ಮಾಡಲು ಕೂತವರಿಗೆ ತಲೆನೋವು ಕೊಡುವುದೂ ಅದೇ. ಲೆಕ್ಕ ಹಾಕಿ ನೋಡಿ. 240 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 240 ಬೀಟಿನ ವೇಗದಲ್ಲಿ, ಡಬಲ್ ಪೆಡಲ್ ಮೇಲೆ ಎರಡೂ ಕಾಲಿನಿಂದ ಹದಿನಾರನೇ ನೋಟುಗಳನ್ನು (ಬೀಟಿಗೆ ನಾಲ್ಕು) ಹೊಡೆದರೆ ಸೆಕೆಂಡಿಗೆ 16 ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್‌ನ ಪೆಟ್ಟು. ಒಂದು ಕಿಕ್‌ಗೂ ಇನ್ನೊಂದಕ್ಕೂ ನಡುವೆ ಇರುವುದು 62.5 ಮಿಲಿಸೆಕೆಂಡ್. 50 ಹರ್ಟ್ಜ್‌ನ ಒಂದು ಅಲೆ ಪೂರ್ತಿಯಾಗಲು 20 ಮಿಲಿಸೆಕೆಂಡ್ ಹಿಡಿಯುತ್ತದೆ. ಮೂರು ಅಲೆ ಮುಗಿಯುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ. ರಾಕ್ ಹಾಡುಗಳಲ್ಲಿ ಎದೆಗೆ ಗುದ್ದುವ ಉದ್ದ ಬಾಲದ ಕಿಕ್ಕನ್ನು ಇಲ್ಲಿ ತಂದು ಕೂರಿಸಿದರೆ ಒಂದರ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು ಬರೀ ಗುಂಯ್ ಅನ್ನುವ ಸದ್ದು ಉಳಿಯುತ್ತದೆ. ನಮ್ಮ ಆಲ್ಬಂನಲ್ಲಿ ತಂತಿಯ ದಪ್ಪದಿಂದ ಹಿಡಿದು ಕೊನೆಯ ಹಂತವಾದ ಮಾಸ್ಟರಿಂಗ್‌ವರೆಗಿನ ತೀರ್ಮಾನಗಳೆಲ್ಲ ಈ ಲೆಕ್ಕದಿಂದಲೇ ಹುಟ್ಟಿದವು.

ಈ ಶೈಲಿಯ ಸೌಂಡ್ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ನ್ಯೂಯಾರ್ಕ್‌ನ ಸಫೊಕೇಶನ್ ಬ್ಯಾಂಡ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1991ರ ಅವರ ಮೊದಲ ಆಲ್ಬಂ ಫ್ಲೋರಿಡಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ಪ್ರೊಡ್ಯೂಸರ್ ಸ್ಕಾಟ್ ಬರ್ನ್ಸ್ ಕೈಯಲ್ಲಿ ಆಯಿತು. 1993ರ ಎರಡನೆಯದು ಬೇರೆ ಕಡೆ ಆಯಿತು. ಹಾಡುಗಳು ಗಟ್ಟಿಯಾಗಿದ್ದರೂ ಸೌಂಡ್ ತೆಳುವಾಗಿ, ಮಂಕಾಗಿ ಬಂತು. 1995ರಲ್ಲಿ ಮತ್ತೆ ಮಾರಿಸೌಂಡ್‌ಗೆ ಹೋದರು. ಆ ಎರಡನೇ ಆಲ್ಬಂನ ಹಾಡುಗಳನ್ನು ಮುಂದಿನ ಆಲ್ಬಂಗಳಲ್ಲಿ ಒಂದೊಂದಾಗಿ ಮತ್ತೆ ರೆಕಾರ್ಡ್ ಮಾಡುತ್ತಾ ಬಂದರು. ರಿಫ್ (ಗಿಟಾರ್‌ನಲ್ಲಿ ಮರುಕಳಿಸುವ ಸ್ವರಗುಚ್ಛ) ಬರೆದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ ಅನ್ನುವುದಕ್ಕೆ ಇಷ್ಟು ಸಾಕು. ಇನ್ನೊಂದು ಕಡೆ ಡಲ್ಲಾಸ್‌ನ ಡಿವೌರ್‌ಮೆಂಟ್ ಬ್ಯಾಂಡ್ 1999ರ ಮೊದಲ ಆಲ್ಬಂನಲ್ಲಿ ಬ್ಲಾಸ್ಟ್‌ನ (ಡ್ರಮ್ಸ್ ಅತಿ ವೇಗದಲ್ಲಿ ಸಿಡಿಯುವ ಭಾಗದ) ನಡುವೆ ನಿಧಾನದ, ನೆಲಕ್ಕೆ ಒತ್ತುವ ರಿಫ್‌ಗಳನ್ನು ಮುಂದೆ ತಂದಿತು. ಅದಕ್ಕೇ ಈಗ ಸ್ಲ್ಯಾಮ್ ಅನ್ನುತ್ತಾರೆ. ನಮ್ಮ ಕಡೆ ಬೆಂಗಳೂರಿನ ಗೋರಿಫೈಡ್, ಮುಂಬೈನ ಗಟ್‌ಸ್ಲಿಟ್ ಕೇಳಿದವರಿಗೆ ಈ ಎರಡು ವೇಗಗಳ ಜಗ್ಗಾಟ ಗೊತ್ತಿರುತ್ತದೆ.

ನಮ್ಮದು ನಾಲ್ಕು ಜನರ ಬ್ಯಾಂಡ್, ಒಂದೇ ಗಿಟಾರ್. ಡ್ರಮ್ಸ್ ಮಾತ್ರ ಬೆಂಗಳೂರಿನ ಒಂದು ಜ್ಯಾಮ್ ರೂಮ್‌ನಲ್ಲಿ, ಉಳಿದದ್ದೆಲ್ಲ ಮನೆಯಲ್ಲೇ.

ಮೈಕ್ ಮುಟ್ಟುವ ಮೊದಲು ಟೆಂಪೋ ಮ್ಯಾಪ್, ಅಂದರೆ ಹಾಡಿನ ಯಾವ ಭಾಗಕ್ಕೆ ಯಾವ ವೇಗ ಅನ್ನುವ ನಕ್ಷೆ, ಆಗಬೇಕು. ಈ ಸಂಗೀತದಲ್ಲಿ ರಿಫ್‌ಗೊಂದು ವೇಗ ಇರುತ್ತದೆ, ನಡುವೆ 7/8ರ, ಅಂದರೆ ಏಳು ಎಣಿಕೆಯ, ಒಂದು ಬಾರ್ ಇಣುಕುತ್ತದೆ. ಡ್ರಮ್ಮರ್ ರಿಹರ್ಸಲ್‌ನಲ್ಲಿ ಸಹಜವಾಗಿ ಬಾರಿಸಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಪ್ರತಿ ರಿಫ್‌ನ ವೇಗ ಅಳೆದು, ಅದರ ಮೇಲೆ ಕ್ಲಿಕ್ (ಹೆಡ್‌ಫೋನ್‌ನಲ್ಲಿ ತಾಳ ಎಣಿಸುವ ಸದ್ದು) ಕಟ್ಟಿದೆವು. ಕ್ಲಿಕ್ ಮೊದಲು ಕಟ್ಟಿ ಡ್ರಮ್ಮರ್‌ನನ್ನು ಅದಕ್ಕೆ ಬಗ್ಗಿಸಿದರೆ ಸ್ಲ್ಯಾಮ್ ಭಾಗಗಳು ಯಾವಾಗಲೂ ಅವಸರದಲ್ಲಿ ಓಡುತ್ತವೆ. 240ಕ್ಕೆ ಪ್ರತಿ ಬೀಟಿಗೂ ಕ್ಲಿಕ್ ಇಟ್ಟರೆ ಕಿವಿ ಸೋತುಹೋಗುತ್ತದೆ; 120ಕ್ಕೆ ಇಟ್ಟು ನಡುವೆ ಮೆಲ್ಲಗೆ ಒಂದು ಎಂಟನೇ ನೋಟು ಕೊಟ್ಟರೆ ಸಾಕು. ಕ್ಲಿಕ್‌ನ ಸದ್ದು ಕೌಬೆಲ್‌ನ ಹಾಗೆ ಮಧ್ಯದಲ್ಲಿರಲಿ. ಕೀರಲು ಬೀಪ್ ಇಟ್ಟರೆ ಹೆಡ್‌ಫೋನ್‌ನಿಂದ ಸೋರಿ, ಹಾಡು ನಿಲ್ಲುವ ಜಾಗದಲ್ಲಿ ಸಿಂಬಲ್ ಮೇಲಿನ ಓವರ್‌ಹೆಡ್ ಮೈಕ್‌ಗಳಲ್ಲಿ ಕೇಳಿಸುತ್ತದೆ.

ಬ್ಲಾಸ್ಟ್‌ನಿಂದ ಸ್ಲ್ಯಾಮ್‌ಗೆ ಇಳಿಯುವಾಗ ಎರಡರ ವೇಗಕ್ಕೂ ಸಂಬಂಧ ಇದ್ದರೆ ಇಳಿತ ಸಲೀಸಾಗುತ್ತದೆ. 240ರಿಂದ 120ಕ್ಕೆ ಬಂದರೆ ಅರ್ಧ, ಅದು ಎಲ್ಲರೂ ಮಾಡುವುದು. 240ರಿಂದ 80ಕ್ಕೆ ಬಂದರೆ ಬ್ಲಾಸ್ಟ್‌ನ ಮೂರು ಬೀಟು ಸೇರಿ ಸ್ಲ್ಯಾಮ್‌ನ ಒಂದು ಬೀಟು. ಮೃದಂಗ ಕಲಿತವರಿಗೆ ತಿಶ್ರ ನಡೆ ಅಂದರೆ ಸಾಕು, ತಲೆ ಆಡಿಸಿಬಿಡುತ್ತಾರೆ. ನೆಲ ಕುಸಿದ ಹಾಗನ್ನಿಸುತ್ತದೆ, ಆದರೆ ಲಯ ತಪ್ಪುವುದಿಲ್ಲ.

ಡ್ರಮ್ಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಆಲ್ಬಂ ನಿಲ್ಲುವುದೂ ಬೀಳುವುದೂ ಅಲ್ಲೇ. ಜ್ಯಾಮ್ ರೂಮ್‌ಗಳ ಸೂರು ತಗ್ಗು. ಸಿಂಬಲ್ ಮೇಲಿನ ಮೈಕ್‌ಗೆ ನೇರ ಸದ್ದಿನ ಜೊತೆ ಸೂರಿಗೆ ಬಡಿದು ಬಂದ ಸದ್ದು ಎರಡು ಮೂರು ಮಿಲಿಸೆಕೆಂಡ್ ತಡವಾಗಿ ಸೇರುತ್ತದೆ, ಸಿಂಬಲ್ ಟೊಳ್ಳಾಗಿ ಕೇಳಿಸುತ್ತದೆ. ಡ್ರಮ್ಮರ್‌ನ ತಲೆಯ ಮೇಲೆ 100 ಮಿಲಿಮೀಟರ್ ದಪ್ಪದ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲ್ ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಮೇಲೆ ಅದು ಹೋಯಿತು. ಗೋಡೆಗೆ ಅಂಟಿಸುವ ತೆಳು ಫೋಮ್ ಎತ್ತರದ ಸ್ವರದ ಸದ್ದನ್ನಷ್ಟೇ ತಿನ್ನುತ್ತದೆ. ಮೊಟ್ಟೆ ಟ್ರೇ ಬಗ್ಗೆ ಮಾತೇ ಬೇಡ.

ಕಿಕ್ 22 ಇಂಚಿನದು. ಒಳಗೆ ಒಂದು ಮಡಿಸಿದ ಕಂಬಳಿ, ಬಡಿಯುವ ಹೆಡ್‌ಗೆ (ಡ್ರಮ್‌ನ ಬಿಗಿದ ಹೊದಿಕೆಗೆ) ತಾಗುವಂತೆ. ಬೀಟರ್ (ಪೆಡಲ್‌ನ ಬಡಿಗೆ) ಫೆಲ್ಟ್ ಅಲ್ಲ, ಪ್ಲಾಸ್ಟಿಕ್. ಬೀಟರ್ ತಾಗುವ ಜಾಗಕ್ಕೆ ಪ್ಯಾಡ್ ಅಂಟಿಸಬೇಕು. ಸಿಗದಿದ್ದರೆ ಹಳೆಯ ಎಟಿಎಂ ಕಾರ್ಡ್ ಗಾಫರ್ ಟೇಪ್ ಹಾಕಿ ಅಂಟಿಸಿದರೂ ಪೆಟ್ಟಿನ ಕ್ಲಿಕ್ ಸದ್ದು ಚೆನ್ನಾಗಿ ಬರುತ್ತದೆ, ಎರಡು ಮೂರು ಹಾಡಿಗೊಮ್ಮೆ ಬದಲಾಯಿಸುತ್ತಿರಬೇಕು ಅಷ್ಟೆ. ಮೈಕ್ ಒಳಗೆ, ಬೀಟರ್‌ಗೆ ಎದುರಾಗಿ. ಇದರ ಜೊತೆಗೆ ಕಿಕ್‌ನ ಅಂಚಿಗೆ ಪಿಯೆಜೊ ಟ್ರಿಗರ್ (ಪೆಟ್ಟಿನ ಕಂಪನವನ್ನು ಸಿಗ್ನಲ್ ಮಾಡುವ ಸಣ್ಣ ಸಾಧನ) ಕ್ಲಿಪ್ ಮಾಡಿ ಅದರ ಸಿಗ್ನಲ್ಲನ್ನು ಬೇರೆ ಟ್ರ್ಯಾಕ್‌ನಲ್ಲಿ ಆಡಿಯೋ ಆಗಿಯೇ ರೆಕಾರ್ಡ್ ಮಾಡಿಕೊಳ್ಳಬೇಕು. ಆ ಟ್ರ್ಯಾಕ್ ಕೇಳಲು ಬರೀ ಟಿಕ್ ಟಿಕ್. ಆದರೆ ಅದರಲ್ಲಿ ಸ್ನೇರ್ (ಅಡಿಯಲ್ಲಿ ತಂತಿ ಬಿಗಿದ ಚಿಕ್ಕ ಡ್ರಮ್), ಸಿಂಬಲ್ ಯಾವುದರ ಸೋರಿಕೆಯೂ ಹೆಚ್ಚುಕಡಿಮೆ ಇರುವುದಿಲ್ಲ. ಆಮೇಲೆ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಬಿಡಿ ಪೆಟ್ಟಿನ ಸದ್ದು) ಸೇರಿಸಲು ಪ್ರತಿ ಪೆಟ್ಟಿನ ಜಾಗ ಹುಡುಕುವಾಗ ಮೈಕ್ ಟ್ರ್ಯಾಕ್ ಬಳಸಿದರೆ ಜೋರಾದ ಸ್ನೇರ್‌ಗಳೂ ಕಿಕ್ ಅಂತ ಎಣಿಕೆಯಾಗುತ್ತವೆ. ಟ್ರಿಗರ್ ಟ್ರ್ಯಾಕ್‌ನಲ್ಲಿ ಆ ಕಾಟ ಇಲ್ಲ.

ಟ್ರಿಗರ್ ಅಂದರೆ ಮೋಸ ಅನ್ನುವವರು ಇದ್ದಾರೆ. ಕಾಲು ವೇಗ ಹೆಚ್ಚಿಸಿಕೊಂಡ ಹಾಗೆ ಪೆಟ್ಟಿನ ಬಲ ಕಡಿಮೆಯಾಗುವುದು ದೇಹದ ನಿಯಮ. 240ರಲ್ಲಿ ಬೀಟರ್ ಹಿಂದಕ್ಕೆ ಹೋಗುವುದೇ ಕೆಲವು ಸೆಂಟಿಮೀಟರ್. ಆ ಮೆಲುಪೆಟ್ಟಿಗೆ ಟ್ರಿಗರ್ ಸದ್ದು ಕೊಡುತ್ತದೆಯೇ ಹೊರತು ಲಯ ಕೊಡುವುದಿಲ್ಲ. ಲಯ ಕೆಟ್ಟಿದ್ದರೆ ಟ್ರಿಗರ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಸ್ಯಾಂಪಲ್ ಆಯ್ಕೆಯಲ್ಲಿ ಆ 62 ಮಿಲಿಸೆಕೆಂಡ್ ನೇರವಾಗಿ ಎದುರು ಬಂತು. ಬ್ಲಾಸ್ಟ್ ಭಾಗಗಳಿಗೆ ಒಂದು ಕಿಕ್ ಸ್ಯಾಂಪಲ್, ಸ್ಲ್ಯಾಮ್ ಭಾಗಗಳಿಗೆ ಇನ್ನೊಂದು. ಮೊದಲನೆಯದರ ಬಾಲವನ್ನು 55 ಮಿಲಿಸೆಕೆಂಡ್‌ಗೆ ಕತ್ತರಿಸಿ, ಗುದ್ದನ್ನು 75ರಿಂದ 80 ಹರ್ಟ್ಜ್ ಆಸುಪಾಸು ಇಟ್ಟೆವು. ಅಲ್ಲಿ ಒಂದು ಅಲೆಗೆ ಸುಮಾರು 13 ಮಿಲಿಸೆಕೆಂಡ್, ಹಾಗಾಗಿ ನಾಲ್ಕು ಅಲೆ ಪೂರ್ತಿ ಸಿಗುತ್ತವೆ, ಕಿವಿಗೆ ಅದು ಒಂದು ಸ್ವರದ ಹಾಗೆ ದಕ್ಕುತ್ತದೆ. ಎರಡನೆಯದರ ಬಾಲ 180 ಮಿಲಿಸೆಕೆಂಡ್, ಗುದ್ದು 55 ಹರ್ಟ್ಜ್. ಎರಡಕ್ಕೂ ಕ್ಲಿಕ್ 4ರಿಂದ 6 ಕಿಲೋಹರ್ಟ್ಜ್‌ನಲ್ಲಿ ಒಂದೇ ತರಹ ಇರಲಿ, ಇಲ್ಲದಿದ್ದರೆ ಹಾಡಿನ ನಡುವೆ ಡ್ರಮ್ ಕಿಟ್ಟೇ ಬದಲಾದ ಹಾಗೆ ಕೇಳುತ್ತದೆ. ಒಂದೇ ಸ್ಯಾಂಪಲ್ ಪ್ರತಿ ಪೆಟ್ಟಿಗೂ ಬಂದರೆ ಟೈಪ್‌ರೈಟರ್ ಸದ್ದು. ಅದನ್ನು ತಪ್ಪಿಸಲು ನಮ್ಮ ಕಿಕ್‌ನಲ್ಲೇ ಬೇರೆ ಬೇರೆ ಬಲದಲ್ಲಿ ಬಿಡಿ ಪೆಟ್ಟುಗಳನ್ನು ಹೊಡೆಸಿ ರೆಕಾರ್ಡ್ ಮಾಡಿಕೊಂಡು ಸರದಿಯಲ್ಲಿ ಬರುವಂತೆ ಮಾಡಿದೆವು. ಎಡಗಾಲಿನ ಪೆಟ್ಟು ತುಸು ಮೆತ್ತಗೆ ಇರಲಿ, ಮನುಷ್ಯನ ಕಾಲು ಇರುವುದೇ ಹಾಗೆ.

ಸ್ಯಾಂಪಲ್ಲನ್ನು ಮೈಕ್ ಟ್ರ್ಯಾಕ್ ಜೊತೆ ಬೆರೆಸುವಾಗ ಫೇಸ್ (ಎರಡು ಅಲೆಗಳ ಏರಿಳಿತದ ಹೊಂದಾಣಿಕೆ) ನೋಡದೆ ಹೋದರೆ ಇಷ್ಟೂ ವ್ಯರ್ಥ. ಎರಡರ ನಡುವೆ 6 ಮಿಲಿಸೆಕೆಂಡ್ ವ್ಯತ್ಯಾಸ ಇದ್ದರೂ 80 ಹರ್ಟ್ಜ್‌ನಲ್ಲಿ ಅರ್ಧ ಅಲೆ ಜಾರಿದ ಹಾಗೆ. ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿದು ಗುದ್ದು ಮಾಯವಾಗುತ್ತದೆ. ಅಲೆಗಳನ್ನು ದೊಡ್ಡದು ಮಾಡಿ ನೋಡಿ, ಮೊದಲ ಉಬ್ಬು ಎರಡರಲ್ಲೂ ಒಂದೇ ದಿಕ್ಕಿಗೆ, ಒಂದೇ ಜಾಗದಲ್ಲಿ ಬೀಳುವ ಹಾಗೆ ಸರಿಸಬೇಕು.

ಸ್ನೇರ್ ವಿಷಯದಲ್ಲಿ ಈ ಶೈಲಿಗೆ ತನ್ನದೇ ರುಚಿ. ಟಣ್ ಅಂತ ಲೋಹದ ಡಬ್ಬಿ ಬಡಿದ ಹಾಗೆ ರಿಂಗ್ ಆಗುವ ಸ್ನೇರ್‌ಗೆ ಪಿಂಗ್ ಸ್ನೇರ್ ಅನ್ನುತ್ತಾರೆ. ಸ್ಯಾನ್ ಡಿಯೇಗೋದ ಡಿಸ್‌ಗೋರ್ಜ್ ಕೇಳಿದರೆ ಗೊತ್ತಾಗುತ್ತದೆ. ಇದು ಬರೀ ಶೋಕಿ ಅಲ್ಲ. ಬ್ಲಾಸ್ಟ್‌ನಲ್ಲಿ ಸ್ನೇರ್ ಪೆಟ್ಟು ಮೆತ್ತಗಾಗುತ್ತದೆ, ದಪ್ಪ ಸದ್ದಿನ ಸ್ನೇರ್ ಗಿಟಾರ್‌ನಡಿ ಮುಳುಗುತ್ತದೆ. ಎತ್ತರದ ಸ್ವರದ ಪಿಂಗ್ ಆ ಗೋಡೆಯನ್ನು ಸೀಳಿಕೊಂಡು ಬರುತ್ತದೆ. ಲೋಹದ ಶೆಲ್, ಒಂದೇ ಪದರದ ಹೆಡ್, ಜೆಲ್ ಟೇಪ್ ಏನೂ ಬೇಡ. ಮೇಲಿನ ಹೆಡ್ಡನ್ನು ಕೀಲಿಯಿಂದ ಎದುರುಬದುರು ಕಾಲು ಸುತ್ತಿನಂತೆ ಬಿಗಿಸುತ್ತಾ ಹೋಗಿ, ಪ್ರತಿ ಬೋಲ್ಟ್‌ನ ಬಳಿ ಬೆರಳಿನಿಂದ ತಟ್ಟಿ ಒಂದೇ ಸ್ವರ ಬರುವವರೆಗೆ ಸರಿಮಾಡಬೇಕು. ಒಂದು ಬೋಲ್ಟ್ ಸಡಿಲ ಇದ್ದರೂ ಪಿಂಗ್ ಹೋಗಿ ಅಲುಗಾಡುವ ಬೊಯ್ಯಂಗ್ ಬರುತ್ತದೆ. ಕೆಳಗಿನ ಹೆಡ್ ಇನ್ನೂ ಬಿಗಿ. ಅತಿಯಾಗಿ ಬಿಗಿಸಿದರೆ ಸ್ನೇರ್ ತಂತಿ ಸ್ಪಂದಿಸುವುದಿಲ್ಲ, ಸ್ನೇರ್ ತಂತಿಯೇ ಇಲ್ಲದ ಟಿಂಬಾಲೆ ಡ್ರಮ್ ಬಾರಿಸಿದ ಹಾಗಾಗುತ್ತದೆ. ಮಿಕ್ಸ್‌ನಲ್ಲಿ ಆ ರಿಂಗ್ ಚುಚ್ಚುತ್ತಿದ್ದರೆ ಈಕ್ಯೂನಲ್ಲಿ (ಬೇರೆ ಬೇರೆ ಸ್ವರಗಳ ಮಟ್ಟ ಏರಿಸಿ ಇಳಿಸುವ ಸಾಧನ) ಪೂರ್ತಿ ಕೆತ್ತಬೇಡಿ, ಮೂರು ನಾಲ್ಕು ಡಿಬಿ (ಡೆಸಿಬೆಲ್) ಸಾಕು.

ಬ್ಲಾಸ್ಟ್‌ನ ಬಗೆ ನೋಡಿ ಎಡಿಟಿಂಗ್ ಬದಲಾಗುತ್ತದೆ. ಸಾಮಾನ್ಯ ಬ್ಲಾಸ್ಟ್‌ನಲ್ಲಿ ಕಿಕ್ ಮತ್ತು ಸ್ನೇರ್ ಒಂದಾದ ಮೇಲೊಂದು ಬೀಳುತ್ತವೆ, ಸಣ್ಣಪುಟ್ಟ ಏರುಪೇರು ಸೊಗಸಾಗಿಯೇ ಇರುತ್ತದೆ. ಹ್ಯಾಮರ್ ಬ್ಲಾಸ್ಟ್‌ನಲ್ಲಿ ಎರಡೂ ಒಟ್ಟಿಗೆ ಬೀಳಬೇಕು. 10 ಮಿಲಿಸೆಕೆಂಡ್ ಅಂತರ ಬಂದರೆ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಬಾಂಬ್ ಬ್ಲಾಸ್ಟ್‌ನಲ್ಲಿ ಕೆಳಗೆ ಡಬಲ್ ಪೆಡಲ್ ಓಡುತ್ತಲೇ ಇರುತ್ತದೆ, ಲೋ ಎಂಡ್ ಕೆಸರಾಗುವುದು ಇಲ್ಲೇ ಜಾಸ್ತಿ. ಗ್ರಾವಿಟಿ ಬ್ಲಾಸ್ಟ್‌ನಲ್ಲಿ ಸ್ನೇರ್‌ನ ಅಂಚನ್ನೇ ಆಧಾರ ಮಾಡಿಕೊಂಡು ಒಂದು ಕೈಯಲ್ಲಿ ಕೋಲನ್ನು ಮೇಲೆ ಕೆಳಗೆ ಆಡಿಸುತ್ತಾರೆ; ಕೆಳಗಿಳಿದಾಗ ಒಂದು ಪೆಟ್ಟು, ಮೇಲೇರುವಾಗ ಇನ್ನೊಂದು. ಎರಡನೆಯದು ಸದಾ ದುರ್ಬಲ. ಇಲ್ಲಿ ಸ್ನೇರ್‌ಗೆ ಸ್ಯಾಂಪಲ್ ಸೇರಿಸುವುದಾದರೆ ಮೂಲ ಪೆಟ್ಟಿನ ಬಲವನ್ನೇ ಹಿಂಬಾಲಿಸಬೇಕು, ಎಲ್ಲವನ್ನೂ ಗಟ್ಟಿ ಮಾಡಿದರೆ ಡ್ರಿಲ್ ಮಷೀನ್. ಎಡಿಟ್ ಮಾಡುವಾಗ ಎಲ್ಲ ಡ್ರಮ್ ಟ್ರ್ಯಾಕ್‌ಗಳನ್ನೂ ಒಂದು ಗ್ರೂಪ್‌ಗೆ ಹಾಕಿ ಒಟ್ಟಿಗೇ ಕತ್ತರಿಸಬೇಕು, ಜೋಡಣೆಗೆ ಮೂರರಿಂದ ಐದು ಮಿಲಿಸೆಕೆಂಡ್ ಕ್ರಾಸ್‌ಫೇಡ್. ಪೆಟ್ಟುಗಳನ್ನು ಕ್ಲಿಕ್‌ನ ಗ್ರಿಡ್‌ಗೆ ನೂರಕ್ಕೆ ನೂರು ಎಳೆಯಲಿಲ್ಲ, 85ರ ಹತ್ತಿರ ನಿಲ್ಲಿಸಿದೆವು. ಸ್ಲ್ಯಾಮ್ ಭಾಗಗಳನ್ನು ಮುಟ್ಟಲೇ ಇಲ್ಲ.

ಇನ್ನು ಗಿಟಾರ್. ಟ್ಯೂನಿಂಗ್ ಡ್ರಾಪ್ ಎ, ಅತಿ ಕೆಳಗಿನ ತಂತಿ 55 ಹರ್ಟ್ಜ್. ಮಾಮೂಲಿ 10-46 ಸೆಟ್‌ನಲ್ಲಿ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ಇ ತಂತಿಯ ಬಿಗುವು ಸುಮಾರು 17.5 ಪೌಂಡ್. ಅಷ್ಟೇ ಬಿಗುವು ಎ ಸ್ವರದಲ್ಲಿ ಬೇಕೆಂದರೆ 25.5 ಇಂಚು ಸ್ಕೇಲ್‌ನ (ಕಂಪಿಸುವ ತಂತಿಯ ಉದ್ದದ) ಗಿಟಾರ್‌ಗೆ 68ರ ತಂತಿ ಬೇಕು. 27 ಇಂಚಿನ ಬ್ಯಾರಿಟೋನ್‌ಗೆ 64 ಸಾಕು. ತೆಳು ತಂತಿ ಹಾಕಿ ಸ್ವರ ಇಳಿಸಿದರೆ ಏನಾಗುತ್ತದೆ? ಪಿಕ್ ತಾಗಿದ ಕ್ಷಣ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಕೆಳಗೆ ಬಂದು ಕೂರುತ್ತದೆ. ವೇಗದ ರಿಫ್‌ನಲ್ಲಿ ಕೂರಲು ಸಮಯವೇ ಇಲ್ಲ, ಹಾಗಾಗಿ ಇಡೀ ರಿಫ್ ಅಪಸ್ವರ. ದಪ್ಪ ತಂತಿಗೂ ಇದು ಪೂರ್ತಿ ತಪ್ಪುವುದಿಲ್ಲ, ಅದಕ್ಕೆ ಟ್ಯೂನ್ ಮಾಡುವಾಗ ಮೆಲ್ಲಗೆ ಮೀಟಬಾರದು. ಹಾಡಿನಲ್ಲಿ ಹೊಡೆಯುವಷ್ಟೇ ಜೋರಾಗಿ ಹೊಡೆದು, ಟ್ಯೂನರ್ ಮೊದಲು ತೋರಿಸುವ ಸ್ವರವನ್ನು ನಂಬಬೇಕು. ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವಂತೆ ಹೊಂದಿಸುವುದು) ಕೂಡ ಹೀಗೇ. ದಪ್ಪ ತಂತಿಗೆ ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ತಂತಿ ಕೂರುವ ತೋಡನ್ನು ಅರ ಹಿಡಿದು ಅಗಲ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು ಟಿಕ್ ಅಂತ ಜಿಗಿಯುತ್ತದೆ, ಸ್ವರ ನಿಲ್ಲುವುದಿಲ್ಲ.

ನಮ್ಮ ಕರೆಂಟ್‌ನಿಂದ ಒಂದು ವಿಶೇಷ ಕಾಟ ಇದೆ. ಭಾರತದಲ್ಲಿ ಮೇನ್ಸ್ 50 ಹರ್ಟ್ಜ್, ಹಾಗಾಗಿ ಗುಂಯ್‌ಗುಡುವ ಹಮ್ ಬರುವುದು 50, 100, 150ರಲ್ಲಿ. ಡ್ರಾಪ್ ಎ ಗಿಟಾರ್‌ನ ಸ್ವರ 55, 110. ಎರಡೂ ಇಷ್ಟು ಹತ್ತಿರ ಇರುವುದರಿಂದ ಹಮ್ಮನ್ನು ಈಕ್ಯೂನಲ್ಲಿ ತೆಗೆಯಲು ಹೋದರೆ ಗಿಟಾರ್‌ನ ಮೈಯೇ ಹೋಗುತ್ತದೆ. ಬುಡದಲ್ಲೇ ನಿಲ್ಲಿಸಬೇಕು. ಎಷ್ಟೋ ಹಳೆ ಮನೆಗಳಲ್ಲಿ ಮೂರನೇ ಪಿನ್ ಇದ್ದರೂ ಅರ್ತಿಂಗ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ನೋಡಿಸುವುದು ಮೊದಲ ಕೆಲಸ, ಅದು ಜೀವದ ಪ್ರಶ್ನೆ ಕೂಡ. ಎಲ್ಲ ಉಪಕರಣಗಳೂ ಒಂದೇ ಪ್ಲಗ್ ಪಾಯಿಂಟ್‌ನಿಂದ ಹೋಗಲಿ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಟ್ಯೂಬ್ ಆರಿಸಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿಸಿ, ಗಿಟಾರ್ ಹಿಡಿದು ಕೂತಲ್ಲೇ ಸುತ್ತ ತಿರುಗಿದರೆ ಒಂದು ದಿಕ್ಕಿನಲ್ಲಿ ಹಮ್ ಕನಿಷ್ಠಕ್ಕೆ ಇಳಿಯುತ್ತದೆ. ಆ ದಿಕ್ಕಿಗೇ ಕುರ್ಚಿ.

ಗಿಟಾರ್ ಎಲ್ಲವನ್ನೂ ಮೊದಲು ಡಿಐನಲ್ಲಿ, ಅಂದರೆ ಆಂಪ್ ಇಲ್ಲದೆ ನೇರವಾಗಿ, ಸ್ವಚ್ಛವಾಗಿ ರೆಕಾರ್ಡ್ ಮಾಡಿ, ಆಮೇಲೆ ಆಂಪ್‌ಗೆ ಕಳಿಸಿದೆವು. ಆಂಪ್ 5150 ಅನ್ನುವ ಮಾದರಿಯ ಜಾತಿಯದು, ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) 10ರಲ್ಲಿ 4. ಮುಂದೆ ಟ್ಯೂಬ್ ಸ್ಕ್ರೀಮರ್ ಅನ್ನುವ ಓವರ್‌ಡ್ರೈವ್ ಪೆಡಲ್: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಮಧ್ಯ. ಆ ಪೆಡಲ್ 720 ಹರ್ಟ್ಜ್‌ನ ಕೆಳಗಿನದಕ್ಕೆ ಅಷ್ಟು ಬಲ ಕೊಡುವುದಿಲ್ಲ, ಅದಕ್ಕೇ ಆಂಪ್‌ಗೆ ಹೋಗುವ ಮೊದಲೇ ಲೋ ಎಂಡ್ ಬಿಗಿಯಾಗುತ್ತದೆ. ಲೋ ಎಂಡ್ ಪೂರ್ತಿ ಒಳಗೆ ಹೋದ ಮೇಲೆ ಡಿಸ್ಟಾರ್ಟ್ ಆದರೆ ಪಾಮ್ ಮ್ಯೂಟ್‌ಗಳು (ತಂತಿಗೆ ಅಂಗೈ ತಾಗಿಸಿ ಮೀಟಿದ ಸ್ವರಗಳು) ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಯಾವ ಈಕ್ಯೂಗೂ ಬಿಡಿಸಲಾಗುವುದಿಲ್ಲ. ಗೇನ್ ಬಗ್ಗೆ ಜನ ನಂಬುವುದಿಲ್ಲ, ಆದರೆ ಕಡಿಮೆ ಗೇನ್‌ನ ಎರಡು ಗಿಟಾರ್ ಎರಡು ಕಡೆಯಿಂದ ಬಂದಾಗ ಹೆಚ್ಚು ಗೇನ್‌ನ ಒಂದಕ್ಕಿಂತ ಹೆವಿ. ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್ ಹಾಕೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಗರಗಸದ ಸೌಂಡ್ ಸ್ಟಾಕ್‌ಹೋಮ್‌ನದು, ಚೆನ್ನಾಗಿದೆ, ಆದರೆ ಈ ವೇಗದ ರಿಫ್‌ನಲ್ಲಿ ನೋಟುಗಳೇ ಉಳಿಯುವುದಿಲ್ಲ.

ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) 4x12, ಎಸ್‌ಎಂ57 ಮೈಕ್ ಸ್ಪೀಕರ್‌ನ ನಡುವಿನ ಟೊಪ್ಪಿಗೆ ಮುಗಿಯುವ ಅಂಚಿಗೆ, ಬಟ್ಟೆಯಿಂದ ಎರಡು ಸೆಂಟಿಮೀಟರ್. ಒಂದು ಸೆಂಟಿಮೀಟರ್ ಒಳಗೆ ಸರಿದರೆ ಕೀರಲು, ಹೊರಗೆ ಸರಿದರೆ ಮಂಕು. ಈಕ್ಯೂ ತಿರುಗಿಸುವ ಬದಲು ಮೈಕ್ ಸರಿಸಿದೆವು. ಆಮೇಲೆ ಹೈಪಾಸ್ 90 ಹರ್ಟ್ಜ್ (ಅದರ ಕೆಳಗಿನದು ಕಟ್), ಲೋಪಾಸ್ 9 ಕಿಲೋಹರ್ಟ್ಜ್ (ಅದರ ಮೇಲಿನದು ಕಟ್), 4ರಿಂದ 5 ಕಿಲೋಹರ್ಟ್ಜ್ ನಡುವೆ ಎಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೋ ಅಲ್ಲಿ ಕಿರಿದಾದ ಕಟ್. ಪಾಮ್ ಮ್ಯೂಟ್‌ನಲ್ಲಿ ಉಬ್ಬುವ 120ರಿಂದ 250ರ ಭಾಗಕ್ಕೆ ಮಾತ್ರ ಮಲ್ಟಿಬ್ಯಾಂಡ್ ಕಂಪ್ರೆಸರ್ (ಜೋರಾದಾಗ ಆ ಭಾಗವನ್ನಷ್ಟೇ ತಗ್ಗಿಸುವ ಸಾಧನ).

ಎಡಕ್ಕೊಂದು, ಬಲಕ್ಕೊಂದು, ಎರಡೇ ಟೇಕ್. ನಾಲ್ಕು ಪದರ ಹಾಕಿದರೆ ಸ್ಲ್ಯಾಮ್ ದಪ್ಪವಾಗುತ್ತದೆ, ಬ್ಲಾಸ್ಟ್ ಮಸಕಾಗುತ್ತದೆ. ನಾಲ್ಕು ಕೈಗಳು ಸೆಕೆಂಡಿಗೆ 16 ಪಿಕ್ ಒಂದೇ ಕ್ಷಣದಲ್ಲಿ ಹೊಡೆಯುವುದು ಸಾಧ್ಯವಿಲ್ಲದ ಮಾತು. ಬಲಗಡೆಯ ಟೇಕ್ ಬಾರಿಸುವಾಗ ಎಡಗಡೆಯದನ್ನು ಮ್ಯೂಟ್ ಮಾಡಿ ಡ್ರಮ್ಸ್ ಮಾತ್ರ ಕೇಳಿಸಬೇಕು. ಎಡಗಡೆಯದು ಕೇಳಿಸುತ್ತಿದ್ದರೆ ಕೈ ಅದನ್ನು ಹಿಂಬಾಲಿಸಿ ತುಸು ತಡವಾಗುತ್ತದೆ, ಎರಡೂ ಸೇರಿ ಡ್ರಮ್ಸ್‌ನಿಂದ ಹಿಂದೆ ಬೀಳುತ್ತವೆ. ರಿಫ್‌ಗಳ ನಡುವಿನ ಮೌನ ಈ ಸಂಗೀತದಲ್ಲಿ ಒಂದು ಪೆಟ್ಟಿನಷ್ಟೇ ಮುಖ್ಯ. ಅಲ್ಲಿ ಗೇಟ್ (ಸದ್ದು ತಗ್ಗಿದ ಕೂಡಲೇ ಟ್ರ್ಯಾಕ್ ಮುಚ್ಚುವ ಸಾಧನ) ಬೇಕು. ಡಿಸ್ಟಾರ್ಟ್ ಆದ ಸಿಗ್ನಲ್ ನೋಡಿ ಗೇಟ್ ತೆರೆ ಮುಚ್ಚಿದರೆ ತಡವರಿಸುತ್ತದೆ, ಸ್ವಚ್ಛ ಡಿಐ ಸಿಗ್ನಲ್ ನೋಡಿ ತೆರೆಯುವಂತೆ ಸೈಡ್‌ಚೈನ್ ಕೊಟ್ಟರೆ ಚಾಕುವಿನಲ್ಲಿ ಕುಯ್ದಷ್ಟು ಸ್ವಚ್ಛ.

ಬೇಸ್ ಗಿಟಾರ್‌ನ ಎ ತಂತಿ 27.5 ಹರ್ಟ್ಜ್. ಮನೆಯ ಸಾಮಾನ್ಯ ಸ್ಪೀಕರ್‌ಗಳಲ್ಲಿ ಅದು ಕೇಳಿಸದು, ನಾವು ಕೇಳುವುದು ಅದರ ದುಪ್ಪಟ್ಟು 55 ಮತ್ತು ಅದರ ಮೇಲಿನವು. ಆದ್ದರಿಂದ 35ರ ಕೆಳಗೆ ಕತ್ತರಿಸಿದರೂ ನಷ್ಟವಿಲ್ಲ, ಲಿಮಿಟರ್‌ಗೆ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಉಸಿರು ಸಿಗುತ್ತದೆ. ಡಿಐ ಸಿಗ್ನಲ್ಲನ್ನು ಎರಡು ಟ್ರ್ಯಾಕ್ ಮಾಡಿದೆವು. ಒಂದರಲ್ಲಿ 200 ಹರ್ಟ್ಜ್ ಕೆಳಗಿನದು ಮಾತ್ರ, ಅಲ್ಲಾಡದ ಹಾಗೆ ಕಂಪ್ರೆಸ್ ಮಾಡಿ. ಇನ್ನೊಂದರಲ್ಲಿ 400ರ ಮೇಲಿನದು, ಡಿಸ್ಟಾರ್ಷನ್ ಹಾಕಿ. ಫೋನ್ ಸ್ಪೀಕರ್‌ನಲ್ಲಿ ಬೇಸ್ ಇದೆ ಅಂತ ಗೊತ್ತಾಗುವುದು ಇದರಿಂದಲೇ. ಡಿಸ್ಟಾರ್ಷನ್ ಪ್ಲಗಿನ್ ತುಸು ತಡ ಮಾಡಿದರೆ ಎರಡೂ ಸೇರುವಲ್ಲಿ ಟೊಳ್ಳು ಬೀಳುತ್ತದೆ, ಪೋಲಾರಿಟಿ (ಅಲೆಯ ಮೇಲು ಕೆಳಗು) ತಿರುಗಿಸಿ ಯಾವುದು ದಪ್ಪ ಅಂತ ಕೇಳಿ ನೋಡಬೇಕು.

ಕಿಕ್ ಬಿದ್ದಾಗ ಬೇಸ್ ಎರಡು ಮೂರು ಡಿಬಿ ತಗ್ಗುವಂತೆ ಸೈಡ್‌ಚೈನ್ ಹಾಕುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಹಾಳಾಗುವುದು ರಿಲೀಸ್‌ನಲ್ಲಿ, ಅಂದರೆ ತಗ್ಗಿದ ಬೇಸ್ ಮತ್ತೆ ಮೇಲೇಳುವ ಅವಧಿಯಲ್ಲಿ. ಮಾಮೂಲಿ 100 ಮಿಲಿಸೆಕೆಂಡ್ ಇಟ್ಟರೆ 62ರಲ್ಲೇ ಮುಂದಿನ ಕಿಕ್ ಬರುತ್ತದೆ, ಬೇಸ್ ಮೇಲೇಳುವುದೇ ಇಲ್ಲ. ಬ್ಲಾಸ್ಟ್ ಶುರುವಾದ ಕೂಡಲೇ ಬೇಸ್ ಮಾಯವಾದ ಹಾಗೆ ಕೇಳಿದರೆ ಕಾರಣ ಇದು. ನಾವು 30ಕ್ಕೆ ಇಟ್ಟೆವು. ಒಟ್ಟು ಹಂಚಿಕೆ ಹೀಗೆ ನಿಂತಿತು: ಬೇಸ್‌ಗೆ 45ರಿಂದ 65, ಬ್ಲಾಸ್ಟ್‌ನ ಕಿಕ್‌ಗೆ ಅದರ ಮೇಲಿನ 70ರಿಂದ 85, ಗಿಟಾರ್‌ನ ಭಾರ 100ರಿಂದ ಮೇಲೆ. ಸ್ಲ್ಯಾಮ್‌ನಲ್ಲಿ ಕಿಕ್ ಕೆಳಗಿಳಿದು ಬೇಸ್ ಜೊತೆ ಸೇರುತ್ತದೆ, ಅಲ್ಲಿ ಸಮಯ ಇದೆ.

ಬೇಸ್ ಡ್ರಾಪ್ ಬಗ್ಗೆ ಒಂದು ಮಾತು. 70ರಿಂದ 30 ಹರ್ಟ್ಜ್‌ಗೆ ಎರಡು ಸೆಕೆಂಡಿನಲ್ಲಿ ಜಾರುವ ಸೈನ್ ಅಲೆ, ಅಷ್ಟೆ. ಸ್ಲ್ಯಾಮ್‌ನ ಬಾಗಿಲಲ್ಲಿ ಹಾಕಿದರೆ ಕಾರಿನ ಗಾಜು ನಡುಗುತ್ತದೆ. ಪ್ರತಿ ಹಾಡಿನಲ್ಲಿ ಹಾಕಿದರೆ ಎರಡನೇ ಹಾಡಿಗೇ ಬೇಸರ. ಅದು ಬಂದಾಗ ಮಾಸ್ಟರ್ ಲಿಮಿಟರ್ ಇಡೀ ಹಾಡನ್ನೇ ಒತ್ತುತ್ತದೆ, ಆದ್ದರಿಂದ ಆ ಎರಡು ಸೆಕೆಂಡು ಬೇಸ್ ಗಿಟಾರ್‌ನ ಕೆಳಗಿನ ಟ್ರ್ಯಾಕ್ ಮ್ಯೂಟ್.

ಗಟ್ಟರಲ್ (ಗಂಟಲಾಳದ ಗುರುಗುಟ್ಟುವ ದನಿಯಲ್ಲಿ) ಹಾಡುವುದನ್ನು ಬಹಳ ಜನ ಗಂಟಲು ಹರಿಯುವ ಕೆಲಸ ಅಂದುಕೊಂಡಿದ್ದಾರೆ. ತಗ್ಗಿನ ಗಟ್ಟರಲ್‌ನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಧ್ವನಿತಂತುಗಳ ಮೇಲಿರುವ ಹುಸಿ ತಂತುಗಳು. ಹೊಟ್ಟೆಯಿಂದ ಗಾಳಿಯ ಹಿಡಿತ, ಗಂಟಲು ಸಡಿಲ. ನೋವು ಬಂದರೆ ತಂತ್ರ ತಪ್ಪಿದೆ ಅಂತಲೇ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಒಂದು ಸಲ ಕೂತರೆ ಒಂದೂವರೆ ಗಂಟೆಗಿಂತ ಹೆಚ್ಚು ಹಾಡಿಸಲಿಲ್ಲ, ಕುಡಿಯಲು ತಣ್ಣೀರಲ್ಲ, ಉಗುರು ಬೆಚ್ಚಗಿನ ನೀರು. ವೇದಿಕೆಯಲ್ಲಿ ಮೈಕ್‌ನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವುದು ಈ ಶೈಲಿಯ ಅಭ್ಯಾಸ. ಹಾಗೆ ಮಾಡಿದಾಗ ಹಿಂದಿನಿಂದ ಗಾಳಿ ಹೋಗುವ ಕಿಂಡಿಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯತೊಡಗುತ್ತದೆ, ಧ್ವನಿ ಮೂಗಿನೊಳಗೆ ಹೋದ ಹಾಗಾಗುತ್ತದೆ, ಮಾನಿಟರ್ ಕೂಗುತ್ತದೆ. ರೆಕಾರ್ಡಿಂಗ್‌ನಲ್ಲಿ ಕೆಲವು ಸ್ಲ್ಯಾಮ್ ಸಾಲುಗಳಿಗೆ ಮಾತ್ರ ಬೇಕೆಂದೇ ಹಾಗೆ ಹಿಡಿಸಿದೆವು, ಎಸ್‌ಎಂ58ನಲ್ಲಿ. ಉಳಿದದ್ದು ಸ್ಟ್ಯಾಂಡ್‌ನಲ್ಲಿಟ್ಟ ಎಸ್‌ಎಂ7ಬಿಗೆ, ಬಾಯಿಂದ ನಾಲ್ಕು ಬೆರಳು ದೂರ.

ಗಟ್ಟರಲ್‌ನ ತೂಕ 150ರಿಂದ 400 ಹರ್ಟ್ಜ್‌ನಲ್ಲಿರುತ್ತದೆ, ಗಿಟಾರ್‌ನದೂ ಅಲ್ಲೇ. ಧ್ವನಿಯನ್ನು ಅಲ್ಲಿ ಎತ್ತುವ ಬದಲು 2ರಿಂದ 4 ಕಿಲೋಹರ್ಟ್ಜ್‌ನಲ್ಲಿ ಎತ್ತಿದರೆ ವ್ಯಂಜನಗಳ ಅಂಚು ಕೇಳಿಸುತ್ತದೆ. ಸಾಹಿತ್ಯ ಅರ್ಥವಾಗದಿದ್ದರೂ ಪರವಾಗಿಲ್ಲ, ಕ ಮತ್ತು ತ ಸದ್ದುಗಳು ಸ್ನೇರ್ ಜೊತೆ ಎಲ್ಲಿ ಬೀಳುತ್ತವೆ ಅನ್ನುವುದು ಕೇಳಬೇಕು. ಇಲ್ಲಿ ಧ್ವನಿಯೂ ಒಂದು ತಾಳವಾದ್ಯವೇ. ಕಂಪ್ರೆಷನ್ ಎರಡು ಹಂತ: ಮೊದಲು ವೇಗದ ಕಂಪ್ರೆಸರ್‌ನಲ್ಲಿ ಐದಾರು ಡಿಬಿ, ಆಮೇಲೆ ನಿಧಾನದ್ದರಲ್ಲಿ ಮೂರು. ಮುಖ್ಯ ಟೇಕ್‌ನಡಿ ಇನ್ನೂ ತಗ್ಗಿನ ಒಂದು ಟೇಕ್, 8 ಡಿಬಿ ಕೆಳಗೆ.

ಮಾಸ್ಟರಿಂಗ್‌ನಲ್ಲೂ ಅದೇ ಲೆಕ್ಕ. ಸೆಕೆಂಡಿಗೆ 16 ಸಲ ಕಿಕ್ ಬಂದು ಲಿಮಿಟರ್ ಅನ್ನು ಒತ್ತಿದರೆ ಅದು ಬಿಡುಗಡೆಯಾಗುವುದೇ ಇಲ್ಲ. ಗಿಟಾರ್ ಕಿಕ್‌ನ ಲಯಕ್ಕೆ ನಡುಗತೊಡಗುತ್ತದೆ. ಡ್ರಮ್ಸ್ ಬಸ್‌ನಲ್ಲೇ (ಎಲ್ಲ ಡ್ರಮ್ ಟ್ರ್ಯಾಕ್ ಸೇರುವ ಚಾನೆಲ್) ಕ್ಲಿಪ್ಪರ್ ಹಾಕಿ ಕಿಕ್ ಮತ್ತು ಸ್ನೇರ್‌ನ ತುದಿಗಳನ್ನು ಎರಡು ಮೂರು ಡಿಬಿ ಬೋಳಿಸಿ ಕಳಿಸಿದರೆ ಕೊನೆಯ ಲಿಮಿಟರ್‌ಗೆ ಕೆಲಸ ಕಡಿಮೆ. -9 ಎಲ್‌ಯುಎಫ್‌ಎಸ್‌ಗೆ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ನಿಲ್ಲಿಸಿದೆವು. ಸ್ಪಾಟಿಫೈ, ಯೂಟ್ಯೂಬ್ ಹೇಗೂ -14ರ ಆಸುಪಾಸಿಗೆ ಇಳಿಸುತ್ತವೆ. -6ಕ್ಕೆ ಒತ್ತಿದ ಆಲ್ಬಂ ಅಲ್ಲಿ ಜೋರಾಗಿ ಕೇಳಿಸುವುದಿಲ್ಲ, ಚಪ್ಪಟೆಯಾಗಿ ಮಾತ್ರ ಕೇಳಿಸುತ್ತದೆ.

ಬ್ಯಾಂಡ್‌ಗಳು ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣಕ್ಕೆ 24 ಬಿಟ್ ವೇವ್ ಫೈಲ್. ಅಂಡರ್‌ಗ್ರೌಂಡ್‌ನಲ್ಲಿ ಕ್ಯಾಸೆಟ್ ಇನ್ನೂ ಓಡುತ್ತದೆ, ಅದಕ್ಕೆ ಬೇರೆ ಮಾಸ್ಟರ್ ಮಾಡಿಸಿ. ಟೇಪ್ ಎತ್ತರದ ಸ್ವರಗಳಲ್ಲಿ ಬೇಗ ತುಂಬಿಕೊಳ್ಳುವುದರಿಂದ 10 ಕಿಲೋಹರ್ಟ್ಜ್ ಮೇಲೆ ಎರಡು ಡಿಬಿ ಇಳಿಸಿ, ಲಿಮಿಟಿಂಗ್ ಸಡಿಲಿಸಬೇಕು, ಇಲ್ಲದಿದ್ದರೆ ಸಿಂಬಲ್ ಉಗುಳಿದ ಹಾಗೆ ಬರುತ್ತದೆ. ಎರಡೂ ಬದಿಯ ಅವಧಿ ಸಮ ಇರುವ ಹಾಗೆ ಹಾಡುಗಳ ಕ್ರಮ ಜೋಡಿಸದಿದ್ದರೆ ಒಂದು ಬದಿಯ ಕೊನೆಗೆ ಖಾಲಿ ಟೇಪ್ ಓಡುತ್ತದೆ. ವಿನೈಲ್ ಒತ್ತಿಸುವುದಾದರೆ 120 ಹರ್ಟ್ಜ್ ಕೆಳಗಿನದೆಲ್ಲ ಮೋನೋ ಆಗಿರಲಿ.

ಕೊನೆಗೆ ಆ ಎರಡು ಕಿಕ್ ಸ್ಯಾಂಪಲ್‌ಗಳನ್ನು ಮೊನೋ ವೇವ್ ಮಾಡಿ ಟ್ರಿಗರ್ ಮಾಡ್ಯೂಲ್‌ಗೆ (ಟ್ರಿಗರ್ ಸಿಗ್ನಲ್ ಬಂದಾಗ ಸ್ಯಾಂಪಲ್ ನುಡಿಸುವ ಪೆಟ್ಟಿಗೆ) ಹಾಕಿಟ್ಟುಕೊಳ್ಳಿ. ಗಿಗ್‌ನಲ್ಲಿ ಸೌಂಡ್ ಎಂಜಿನಿಯರ್‌ಗೆ ಮಾಡ್ಯೂಲ್‌ನ ಲೈನ್ ಮತ್ತು ಕಿಕ್ ಮೈಕ್ ಎರಡನ್ನೂ ಬೇರೆ ಚಾನೆಲ್‌ನಲ್ಲಿ ಕೊಟ್ಟು, ಸಬ್‌ವೂಫರ್‌ಗೆ ಮೈಕ್ ಕಳಿಸಬೇಡಿ, ಮಾಡ್ಯೂಲ್ ಮಾತ್ರ ಕಳಿಸಿ ಅಂತ ಮೊದಲೇ ಹೇಳಿ. ಮೈಕ್‌ನ ಗುದ್ದು ಸಬ್‌ಗೆ ಹೋದರೆ ಮೊದಲ ಬ್ಲಾಸ್ಟ್‌ನಲ್ಲೇ ಹಾಲ್ ಪೂರ್ತಿ ಗುಂಯ್ ಅನ್ನುತ್ತದೆ, ಆಗ ಅವರು ಮಾಡುವ ಮೊದಲ ಕೆಲಸ ಕಿಕ್ಕನ್ನೇ ತಗ್ಗಿಸುವುದು.